ಎರಡು ಮೂರು ಕಂಪ್ಯೂಟರ್, ಒಂದೇ ಕೀಬೋರ್ಡ್: ಕೆವಿಎಂ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಬಟನ್ ಒತ್ತುತ್ತೀರಿ. ಟಕ್ ಅಂತ ಸದ್ದಾಗುತ್ತದೆ, ಎರಡನೇ ನಂಬರಿನ ದೀಪ ಹತ್ತುತ್ತದೆ. ಪರದೆ ಮಾತ್ರ ಕಪ್ಪು. ಇಲ್ಲವೇ ಚಿತ್ರ ಬರುತ್ತದೆ, ಮೌಸ್ ಅಲ್ಲಾಡುವುದಿಲ್ಲ. ಕೇಬಲ್ ಕಿತ್ತು ಮತ್ತೆ ಚುಚ್ಚುತ್ತೀರಿ, ಹೇಗೋ ಸರಿಹೋಗುತ್ತದೆ. ಮಾರನೇ ದಿನ ಬೆಳಿಗ್ಗೆ ಮತ್ತದೇ ಗೋಳು.

ಒಂದೇ ಕೀಬೋರ್ಡ್, ಒಂದೇ ಮೌಸ್, ಒಂದೇ ಮಾನಿಟರ್ ಇಟ್ಟುಕೊಂಡು ಎರಡು ಮೂರು ಕಂಪ್ಯೂಟರ್ ನಡೆಸಲು ಬಳಸುವ ಈ ಡಬ್ಬಿಗೆ ಕೆವಿಎಂ ಸ್ವಿಚ್ ಅಂತ ಹೆಸರು. ಕೀಬೋರ್ಡ್, ವಿಡಿಯೊ, ಮೌಸ್ ಅನ್ನುವುದರ ಚುಟುಕು ರೂಪ ಅದು. ನನ್ನ ಮೇಜಿನ ಮೇಲೆ ಆಫೀಸಿನ ಲ್ಯಾಪ್‌ಟಾಪ್ ಇದೆ, ಪಕ್ಕದಲ್ಲಿ ನನ್ನದೇ ಡೆಸ್ಕ್‌ಟಾಪ್, ಕಾಲಬುಡದಲ್ಲಿ ಒಂದು ಪುಟ್ಟ ಲಿನಕ್ಸ್ ಪೆಟ್ಟಿಗೆ. ಮೂರಕ್ಕೂ ಸೇರಿ ಒಂದೇ ಕೆವಿಎಂ. ಮನೆಯಿಂದ ಕೆಲಸ ಮಾಡುವುದು ಶುರುವಾದ ಮೇಲೆ ನೆಂಟರ ಮನೆ, ಗೆಳೆಯರ ಮನೆಯಲ್ಲೂ ಇದೇ ಏರ್ಪಾಡು. ಕೆಟ್ಟಾಗ ಫೋನ್ ನನಗೆ ಬರುತ್ತದೆ. ಹಾಗೆ ಬಂದ ದೂರುಗಳಲ್ಲಿ ಡಬ್ಬಿ ನಿಜವಾಗಿ ಸುಟ್ಟುಹೋಗಿದ್ದು ಬಹಳ ಕಡಿಮೆ. ಆದ್ದರಿಂದ ಹೊಸದು ತರಿಸುವ ಮುಂಚೆ ಒಂದರ್ಧ ಗಂಟೆ ಕೊಟ್ಟು ನೋಡಿ.

ಡಬ್ಬಿ ಒಂದು, ದಾರಿ ಎರಡು

ಹೊರಗಿಂದ ನೋಡಲು ಕೆವಿಎಂ ಒಂದೇ ಸಾಮಾನು. ಒಳಗೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಯುಎಸ್‌ಬಿ ದಾರಿ: ಕೀಬೋರ್ಡ್, ಮೌಸ್ ಅದರಲ್ಲಿ ಓಡಾಡುತ್ತವೆ. ಇನ್ನೊಂದು ಚಿತ್ರದ ದಾರಿ: ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್. ಬಟನ್ ಒತ್ತಿದಾಗ ಎರಡೂ ಒಟ್ಟಿಗೆ ತಿರುಗುತ್ತವೆ, ಅಷ್ಟೇ. ಒಂದು ಕೆಟ್ಟರೂ ಇನ್ನೊಂದು ಆರಾಮಾಗಿ ನಡೆಯಬಹುದು. ಹಾಗಾಗಿ ಮೊದಲ ಪ್ರಶ್ನೆ ಇದು: ಕೆಟ್ಟಿರುವುದು ಯಾವ ದಾರಿ?

ಪರದೆ ಕಪ್ಪಾಗಿರುವಾಗಲೂ ಇದನ್ನು ಕಂಡುಹಿಡಿಯಬಹುದು. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ, ಅದರ ಪುಟ್ಟ ದೀಪ ನೋಡಿ. ಆ ದೀಪವನ್ನು ಕೀಬೋರ್ಡ್ ತಾನಾಗಿ ಹತ್ತಿಸುವುದಿಲ್ಲ. ಒತ್ತಿದ ಸುದ್ದಿ ಕಂಪ್ಯೂಟರಿಗೆ ಹೋಗಿ, ಕಂಪ್ಯೂಟರ್ "ಹತ್ತಿಸು" ಅಂತ ತಿರುಗಿ ಹೇಳಿದಾಗ ಅದು ಹತ್ತುತ್ತದೆ. ದೀಪ ಹತ್ತಿ ಆರುತ್ತಿದ್ದರೆ ಸಾಮಾನ್ಯವಾಗಿ ಕಂಪ್ಯೂಟರ್ ಎಚ್ಚರ ಇದೆ, ಯುಎಸ್‌ಬಿ ದಾರಿ ಸರಿ ಇದೆ ಅಂತ ಅರ್ಥ. ಆಗ ಚಿತ್ರದ ದಾರಿ ಹಿಡಿಯಿರಿ. ದೀಪ ಅಲ್ಲಾಡದಿದ್ದರೆ ಕಂಪ್ಯೂಟರೇ ಮಲಗಿದೆಯಾ, ಯುಎಸ್‌ಬಿ ಕೇಬಲ್ ಕೂತಿದೆಯಾ ಅಂತ ನೋಡಿ.

ಎರಡನೇ ಪರೀಕ್ಷೆ: ಕೆವಿಎಂ ಪಕ್ಕಕ್ಕಿಟ್ಟು ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲವನ್ನೂ ನೇರವಾಗಿ ಆ ಕಂಪ್ಯೂಟರಿಗೇ ಜೋಡಿಸಿ. ಹೊಸ ಕೇಬಲ್ ತೆಗೆಯಬೇಡಿ, ಕೆವಿಎಂಗೆ ಹಾಕಿದ್ದ ಅದೇ ಕೇಬಲ್ ಬಳಸಿ. ನೇರವಾಗಿಯೂ ಬರಲಿಲ್ಲ ಅಂದರೆ ಕೆವಿಎಂ ಮೇಲೆ ಅನುಮಾನ ಪಡುವುದು ಸುಮ್ನೆ.

ಮೂರನೆಯದು ಅದಲು ಬದಲು. ನನಗೆ ಇದರಷ್ಟು ಉಪಯೋಗಕ್ಕೆ ಬಂದ ಪರೀಕ್ಷೆ ಇನ್ನೊಂದಿಲ್ಲ. ಡೆಸ್ಕ್‌ಟಾಪ್ 1ನೇ ಪೋರ್ಟಿನಲ್ಲಿ, ಲ್ಯಾಪ್‌ಟಾಪ್ 2ನೇ ಪೋರ್ಟಿನಲ್ಲಿ ಇದೆ ಅಂದುಕೊಳ್ಳಿ. ತೊಂದರೆ ಲ್ಯಾಪ್‌ಟಾಪಿನದು. ಡಬ್ಬಿಯ ಹಿಂಭಾಗದಲ್ಲಿ ಮಾತ್ರ ಕೇಬಲ್ ಬದಲಿಸಿ: ಲ್ಯಾಪ್‌ಟಾಪಿನ ಎರಡೂ ಕೇಬಲ್ 1ಕ್ಕೆ, ಡೆಸ್ಕ್‌ಟಾಪಿನದು 2ಕ್ಕೆ. ಕಂಪ್ಯೂಟರ್ ಕಡೆಯ ತುದಿ ಮುಟ್ಟಬೇಡಿ. ತೊಂದರೆ ಲ್ಯಾಪ್‌ಟಾಪಿನ ಹಿಂದೆಯೇ 1ಕ್ಕೆ ಬಂತಾ? ಹಾಗಾದರೆ ತಪ್ಪು ಆ ಕೇಬಲ್‌ನಲ್ಲಿ ಅಥವಾ ಲ್ಯಾಪ್‌ಟಾಪಿನಲ್ಲಿದೆ. ತೊಂದರೆ 2ರಲ್ಲೇ ಉಳಿದು ಈಗ ಡೆಸ್ಕ್‌ಟಾಪಿಗೆ ಕಾಟ ಕೊಡುತ್ತಿದೆಯಾ? ಹಾಗಾದರೆ ಡಬ್ಬಿಯ 2ನೇ ಪೋರ್ಟ್ ಕೆಟ್ಟಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನಾಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೂರು ಕಂಪ್ಯೂಟರ್, ಏಳೆಂಟು ಕೇಬಲ್ ಇರುವಾಗ ತಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ.

ಮೊದಲು ಕರೆಂಟ್

ಕೆವಿಎಂ ತುಂಬಾ ಸಲ ಕೆಟ್ಟಿರುವುದಿಲ್ಲ, ಮೊಬೈಲ್ ಥರ ಹ್ಯಾಂಗ್ ಆಗಿರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ, ಇನ್ವರ್ಟರಿಗೆ ಬದಲಾಗುವ ಆ ಕಣ್ಣು ಮಿಟುಕಿಸುವ ಹೊತ್ತಿನಲ್ಲಿ ಡಬ್ಬಿಯ ಒಳಗಿನ ಚಿಪ್ ಅರ್ಧಂಬರ್ಧ ನಿಂತುಬಿಡುತ್ತದೆ. ಆಗ ಮಾಡಬೇಕಾದ್ದು ರೀಸೆಟ್. ಆದರೆ ಇದನ್ನು ಬಹಳ ಜನ ತಪ್ಪಾಗಿ ಮಾಡುತ್ತಾರೆ. ಅಡಾಪ್ಟರ್ ಕಿತ್ತು ಮತ್ತೆ ಹಾಕಿ "ರೀಸೆಟ್ ಮಾಡಿದೆ, ಆದರೂ ಆಗಲಿಲ್ಲ" ಅನ್ನುತ್ತಾರೆ. ಅಡಾಪ್ಟರ್ ಕಿತ್ತರೂ ಡಬ್ಬಿ ಬದುಕೇ ಇರುತ್ತದೆ. ಕಂಪ್ಯೂಟರುಗಳಿಂದ ಬಂದ ಯುಎಸ್‌ಬಿ ಕೇಬಲ್‌ಗಳಿಂದಲೂ ಅದಕ್ಕೆ 5 ವೋಲ್ಟ್ ಸಿಗುತ್ತಿರುತ್ತದೆ. ಎಷ್ಟೋ ಕಂಪ್ಯೂಟರುಗಳು ಶಟ್‌ಡೌನ್ ಆದ ಮೇಲೂ ಯುಎಸ್‌ಬಿಗೆ ಕರೆಂಟ್ ಕೊಡುತ್ತಲೇ ಇರುತ್ತವೆ.

ಆದ್ದರಿಂದ ಹೀಗೆ ಮಾಡಿ. ಕಂಪ್ಯೂಟರುಗಳನ್ನು ಬಂದ್ ಮಾಡಿ. ಕೆವಿಎಂ ಅಡಾಪ್ಟರ್ ಕಿತ್ತು ಹಾಕಿ. ಡಬ್ಬಿಗೆ ಬಂದಿರುವ ಎಲ್ಲ ಯುಎಸ್‌ಬಿ, ಎಚ್‌ಡಿಎಂಐ ಕೇಬಲ್ ಬಿಚ್ಚಿ. ಮಾನಿಟರಿನ ಪವರ್ ಕೇಬಲ್ಲನ್ನೂ ಗೋಡೆಯಿಂದ ತೆಗೆಯಿರಿ. ಡಬ್ಬಿಯ ಮೇಲಿನ ಎಲ್ಲ ದೀಪ ಆರಿದೆಯಾ ನೋಡಿಕೊಂಡು ಒಂದೆರಡು ನಿಮಿಷ ಬಿಡಿ. ಆಮೇಲೆ ಮಾನಿಟರ್ ಹಚ್ಚಿ, ಅದನ್ನು ಡಬ್ಬಿಗೆ ಜೋಡಿಸಿ, ಕೀಬೋರ್ಡ್ ಮೌಸ್ ಹಾಕಿ, ಡಬ್ಬಿಗೆ ಅಡಾಪ್ಟರ್ ಕೊಡಿ. ಕೊನೆಗೆ ಒಂದೊಂದೇ ಕಂಪ್ಯೂಟರ್ ಜೋಡಿಸಿ, ಡಬ್ಬಿಯನ್ನು ಅದರ ಕಡೆ ತಿರುಗಿಸಿ ಆನ್ ಮಾಡಿ. ಈ ಕ್ರಮ ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಅಡಾಪ್ಟರ್ ವಿಷಯದಲ್ಲಿ ಒಂದು ಎಚ್ಚರಿಕೆ. ಬಹಳಷ್ಟು ಕೆವಿಎಂಗಳಿಗೆ ಬೇಕಾದ್ದು 5 ವೋಲ್ಟ್. ಮನೆಯಲ್ಲಿರುವ ವೈಫೈ ರೂಟರಿನ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್. ಎರಡರ ದುಂಡು ಪಿನ್ ಎಷ್ಟೋ ಸಲ ಒಂದೇ ಅಳತೆಯದು, ಸಲೀಸಾಗಿ ಕೂತುಬಿಡುತ್ತದೆ. ಮೇಜು ಗುಡಿಸುವಾಗ ಅದಲು ಬದಲಾದರೆ ಡಬ್ಬಿ ಅಲ್ಲೇ ಸತ್ತುಹೋಗುತ್ತದೆ. ಎರಡೂ ಅಡಾಪ್ಟರಿನ ತಲೆಗೆ ಬಿಳಿ ಟೇಪ್ ಸುತ್ತಿ "ಕೆವಿಎಂ 5", "ರೂಟರ್ 12" ಅಂತ ಇವತ್ತೇ ಬರೆದಿಡಿ.

ಅಡಾಪ್ಟರೇ ಇಲ್ಲದ ಕೆವಿಎಂಗಳೂ ಇವೆ. ಅವು ಯುಎಸ್‌ಬಿಯಿಂದ ಬರುವ ಕರೆಂಟಿನಲ್ಲೇ ಬದುಕಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿ ಆಂಪ್, 3.0 ಕೊಡುವುದು 900. ಅದರಲ್ಲಿ ಡಬ್ಬಿ, ಬಣ್ಣದ ದೀಪಗಳ ಕೀಬೋರ್ಡ್, ಮೌಸ್, ಜೊತೆಗೆ ಒಂದು ವೆಬ್‌ಕ್ಯಾಮ್ ಎಲ್ಲ ನಡೆಯಬೇಕು ಅಂದರೆ ಸಾಲದು. ಕೀಬೋರ್ಡ್ ಆಗಾಗ ಸತ್ತು ಬದುಕುತ್ತಿದ್ದರೆ ಅದರ ಬಣ್ಣದ ದೀಪ ಆರಿಸಿ, ವೆಬ್‌ಕ್ಯಾಮ್ ತೆಗೆದು ನೋಡಿ. ಸರಿಹೋದರೆ ಕಾರಣ ಸಿಕ್ಕಿತು. ಡಬ್ಬಿಯಲ್ಲಿ ಪವರ್ ಕೊಡಲು ಜಾಗ ಇದ್ದು ಅಡಾಪ್ಟರ್ ಕೊಟ್ಟಿಲ್ಲ ಅಂದರೆ, ಅಲ್ಲಿ ಬರೆದಿರುವ ವೋಲ್ಟೇಜಿನದೇ ಒಂದು ಅಡಾಪ್ಟರ್ ತಂದು ಹಾಕಿ.

ಅರ್ಥಿಂಗ್ ಬಗ್ಗೆಯೂ ಹೇಳಲೇಬೇಕು. ಕೆವಿಎಂ ಹಾಕಿದ ಕೂಡಲೇ ಎರಡೂ ಕಂಪ್ಯೂಟರುಗಳ ಲೋಹದ ಮೈ ಕೇಬಲ್ ಮೂಲಕ ಒಂದಕ್ಕೊಂದು ಸೇರುತ್ತದೆ. ಎಷ್ಟೋ ಹಳೆಯ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಒಳಗೆ ಅರ್ಥ್ ವೈರ್ ಇರುವುದಿಲ್ಲ. ಲ್ಯಾಪ್‌ಟಾಪಿನ ಮೈ ಸವರಿದರೆ ಜುಮ್ ಅನ್ನುತ್ತದಾ? ಫ್ಯಾನ್ ಅಥವಾ ಟ್ಯೂಬ್‌ಲೈಟ್ ಸ್ವಿಚ್ ಹಾಕಿದಾಗ ಪರದೆ ಒಂದು ಕ್ಷಣ ಕಪ್ಪಾಗುತ್ತದಾ? ಹಾಗಿದ್ದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಆಮೇಲೆ ಕಂಪ್ಯೂಟರ್, ಮಾನಿಟರ್, ಕೆವಿಎಂ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ನಡೆಸಿ. ಗ್ಯಾಸ್ ಲಿಫ್ಟ್ ಇರುವ ಕುರ್ಚಿಯಿಂದ ಎದ್ದಾಗ ಪರದೆ ಆರಿ ಹತ್ತುವುದನ್ನೂ ಕಂಡವರಿದ್ದಾರೆ. ಕುರ್ಚಿಯಿಂದ ಸಿಡಿಯುವ ಸ್ಟ್ಯಾಟಿಕ್ ಕರೆಂಟ್ ಅದಕ್ಕೆ ಕಾರಣ. ಕೇಬಲ್ ಒಳ್ಳೆಯದಿದ್ದಷ್ಟೂ ಈ ಕಾಟ ಕಡಿಮೆ.

ಪರದೆ ಕಪ್ಪು, ಅಥವಾ ಎಲ್ಲ ಮೂಲೆಗೆ

ನಮ್ಮ ಅತ್ತಿಗೆ ಮನೆಯಲ್ಲೇ ಕೂತು ಲೆಕ್ಕಪತ್ರದ ಕೆಲಸ ಮಾಡುತ್ತಾರೆ. ಆಫೀಸಿನ ಲ್ಯಾಪ್‌ಟಾಪ್ ಒಂದು, ಸ್ವಂತದ ಡೆಸ್ಕ್‌ಟಾಪ್ ಒಂದು. ನಡುವೆ ಡಿಸ್‌ಪ್ಲೇಪೋರ್ಟ್ ಕೆವಿಎಂ. ಒಂದು ತಿಂಗಳ ಕೊನೆಯಲ್ಲಿ ಫೋನ್ ಮಾಡಿದರು. "ಸ್ವಲ್ಪ ಬಂದು ನೋಡ್ತೀಯಾ? ಆ ಕಡೆ ಹೋಗಿ ಬರೋಷ್ಟರಲ್ಲಿ ನನ್ನ ಎಕ್ಸೆಲ್ ಎಲ್ಲ ಮೂಲೆಗೆ ಹೋಗಿ ಚಿಕ್ಕದಾಗಿ ಕೂತಿರುತ್ತೆ. ದಿನಕ್ಕೆ ಇಪ್ಪತ್ತು ಸಲ ಎಳೆದು ದೊಡ್ಡದು ಮಾಡೋದೇ ಆಯ್ತು."

ಹೋಗಿ ನೋಡಿದೆ. ಲ್ಯಾಪ್‌ಟಾಪಿನ ಮುಚ್ಚಳ ತೆರೆದಿಟ್ಟು, ಅದರದೇ ಪರದೆಯಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆಗೆದೆ. 1, 2 ಅಂತ ಎರಡು ಚೌಕ ಕಾಣುತ್ತಿತ್ತು. 2 ಅಂದರೆ ದೊಡ್ಡ ಮಾನಿಟರ್. "ಅತ್ತಿಗೆ, ಈಗ ಬಟನ್ ಒತ್ತಿ" ಅಂದೆ. ಒತ್ತಿದರು. ಮಾನಿಟರ್ ಡೆಸ್ಕ್‌ಟಾಪಿಗೆ ಹೋಯಿತು, ಲ್ಯಾಪ್‌ಟಾಪಿನ ಪರದೆಯಲ್ಲಿ 2ನೇ ಚೌಕ ಮಾಯವಾಯಿತು. ಕಾರಣ ಅಲ್ಲೇ ಕಣ್ಣೆದುರಿಗೆ ಸಿಕ್ಕಿತು.

ಏನಾಗುತ್ತಿದೆ ಅಂದರೆ, ಪ್ರತಿ ಮಾನಿಟರಿನ ಒಳಗೂ ಒಂದು ಪುಟ್ಟ ಪರಿಚಯ ಚೀಟಿ ಇರುತ್ತದೆ. ಅದಕ್ಕೆ ಇಡಿಐಡಿ ಅನ್ನುತ್ತಾರೆ. ಮೂಲ ಚೀಟಿ ಬರೀ 128 ಬೈಟ್, ಎಚ್‌ಡಿಎಂಐ ಮಾನಿಟರುಗಳಲ್ಲಿ ಅದರ ಜೊತೆ ಇನ್ನೊಂದು 128 ಬೈಟಿನ ಹಾಳೆಯೂ ಇರುತ್ತದೆ. "ನಾನು ಇಂಥ ಕಂಪನಿಯ ಮಾನಿಟರ್, ನನ್ನ ಅಳತೆ ಇಷ್ಟು, ನಾನು ಇಂಥ ರೆಸಲ್ಯೂಷನ್ ತೋರಿಸಬಲ್ಲೆ" ಅಂತ ಅದರಲ್ಲಿ ಬರೆದಿರುತ್ತದೆ. ಕಂಪ್ಯೂಟರ್ ಕೇಬಲ್ ಮೂಲಕ ಇದನ್ನು ಓದಿಕೊಂಡು ಅದರಂತೆ ಚಿತ್ರ ಕಳಿಸುತ್ತದೆ. ಎಚ್‌ಡಿಎಂಐ ಕೇಬಲಿನ 15, 16ನೇ ಪಿನ್‌ಗಳು ಈ ಮಾತುಕತೆಗೇ ಮೀಸಲು. 19ನೇ ಪಿನ್ "ಮಾನಿಟರ್ ಇದೆ" ಅಂತ ಹೇಳುವ ಪಿನ್.

ಒಳ್ಳೆಯ ಕೆವಿಎಂ ಈ ಚೀಟಿಯ ನಕಲು ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ. ನೀವು ಬೇರೆ ಕಂಪ್ಯೂಟರಿಗೆ ಹೋದಾಗಲೂ ಮೊದಲನೆಯದಕ್ಕೆ "ಮಾನಿಟರ್ ಇಲ್ಲೇ ಇದೆ" ಅಂತ ತೋರಿಸುತ್ತಲೇ ಇರುತ್ತದೆ. ಇದಕ್ಕೆ ಇಡಿಐಡಿ ಎಮ್ಯುಲೇಷನ್ ಅಂತ ಹೆಸರು. ಅಗ್ಗದ ಡಬ್ಬಿಗಳಲ್ಲಿ ಇದಿಲ್ಲ. ಅಲ್ಲಿ ಬಟನ್ ಒತ್ತುವುದೂ ಒಂದೇ, ಮಾನಿಟರಿನ ಕೇಬಲ್ ಕಿತ್ತು ಹಾಕುವುದೂ ಒಂದೇ. ಕಂಪ್ಯೂಟರ್ ಮಾನಿಟರ್ ಹೋಯಿತು ಅಂದುಕೊಂಡು ವಿಂಡೋಗಳನ್ನೆಲ್ಲ ಉಳಿದ ಪರದೆಗೆ ಎಳೆದುಕೊಳ್ಳುತ್ತದೆ. ಉಳಿದ ಪರದೆಯೇ ಇಲ್ಲದ ಡೆಸ್ಕ್‌ಟಾಪ್ ಆದರೆ ಒಂದು ಚಿಕ್ಕ ಕಾಲ್ಪನಿಕ ಪರದೆ ಮಾಡಿಕೊಂಡು ಎಡ ಮೂಲೆಗೆ ತುರುಕುತ್ತದೆ. ಡಿಸ್‌ಪ್ಲೇಪೋರ್ಟ್‌ನಲ್ಲಿ ಈ ಕಾಟ ಜಾಸ್ತಿ.

ಅತ್ತಿಗೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇತ್ತು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಮಲ್ಟಿಪಲ್ ಡಿಸ್‌ಪ್ಲೇಸ್ ಭಾಗದಲ್ಲಿ, ಮಾನಿಟರ್ ಬಂದು ಹೋಗುವುದಕ್ಕೆ ತಕ್ಕಂತೆ ವಿಂಡೋಗಳ ಜಾಗ ನೆನಪಿಟ್ಟುಕೊಳ್ಳುವ ಒಂದು ಟಿಕ್ ಇದೆ. ಯಾರೋ ಅದನ್ನು ತೆಗೆದಿದ್ದರು. ಹಾಕಿದೆ. ಅರ್ಧ ನೆಮ್ಮದಿ ಸಿಕ್ಕಿತು. ಡೆಸ್ಕ್‌ಟಾಪಿಗೆ ಹಳೆಯ ವಿಂಡೋಸ್, ಅದರಲ್ಲಿ ಆ ಸೌಲಭ್ಯ ಇಲ್ಲ. ಅದಕ್ಕೆ ಇಡಿಐಡಿ ಎಮ್ಯುಲೇಟರ್ ಅನ್ನುವ ಹೆಬ್ಬೆರಳಿನಷ್ಟು ಪ್ಲಗ್ ತರಿಸಿ, ಕಂಪ್ಯೂಟರಿಗೂ ಕೆವಿಎಂ ಕೇಬಲಿಗೂ ನಡುವೆ ಹಾಕಿದೆವು. ಚಿತ್ರ ಅದರ ಮೂಲಕ ಹಾದುಹೋಗುತ್ತದೆ, ಪರಿಚಯ ಚೀಟಿ ಮಾತ್ರ ಅದರಲ್ಲೇ ಉಳಿಯುತ್ತದೆ. ಕೊಳ್ಳುವಾಗ ಒಂದು ತುದಿಗೆ ಕೇಬಲ್ ಹಾಕಲು ಬರುವಂಥದ್ದನ್ನೇ ಕೇಳಿ. ಬರೀ ಒಂದೇ ತುದಿಯ ಡಮ್ಮಿ ಪ್ಲಗ್ಗೂ ಸಿಗುತ್ತದೆ, ಅದರಿಂದ ಇಲ್ಲಿ ಪ್ರಯೋಜನವಿಲ್ಲ.

ಇದೇ ಚೀಟಿಯ ಕೊರತೆಯಿಂದ ಇನ್ನೂ ಮೂರು ನಾಲ್ಕು ಬೇರೆ ಬೇರೆ ಥರದ ದೂರು ಬರುತ್ತವೆ. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ.

ಮುಚ್ಚಳ ಮುಚ್ಚಿಟ್ಟ ಮ್ಯಾಕ್‌ಬುಕ್ ಅಥವಾ ಲಿನಕ್ಸ್ ಲ್ಯಾಪ್‌ಟಾಪ್ ನೀವು ಆಚೆ ಹೋದ ತಕ್ಷಣ ಮಲಗಿಬಿಡುತ್ತದೆ, ಡೌನ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ. ಮುಚ್ಚಳ ಮುಚ್ಚಿದೆ, ಹೊರಗಿನ ಮಾನಿಟರೂ ಹೋಯಿತು, ಇನ್ನು ಕೆಲಸವಿಲ್ಲ ಅಂತ ಅದು ಅಂದುಕೊಳ್ಳುತ್ತದೆ. ಮುಚ್ಚಳ ಸ್ವಲ್ಪ ತೆರೆದಿಟ್ಟು ನೋಡಿ. ಆಗ ಮಲಗದಿದ್ದರೆ ಕಾರಣ ಇದೇ.

ಕಂಪ್ಯೂಟರ್ ಆನ್ ಆಗುವಾಗ ಕೆವಿಎಂ ಬೇರೆ ಕಡೆ ಇತ್ತು, ಆಮೇಲೆ ತಿರುಗಿಸಿದರೂ ಚಿತ್ರವೇ ಇಲ್ಲ. ಆನ್ ಆಗುವ ಹೊತ್ತಿನಲ್ಲಿ ಚೀಟಿ ಸಿಗದ ಕಾರಣ ಅದು ಚಿತ್ರ ಕಳಿಸುವುದನ್ನೇ ಶುರು ಮಾಡಿರುವುದಿಲ್ಲ. ನನ್ನ ಲಿನಕ್ಸ್ ಪೆಟ್ಟಿಗೆ ಹೀಗೇ ಮಾಡುತ್ತಿತ್ತು. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರುಗಳಲ್ಲಿ ಹಳೆಯವೂ ಹೀಗೇ. ಅವುಗಳಲ್ಲಿ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಅನ್ನುವ ಫೈಲಿನಲ್ಲಿ ಎಚ್‌ಡಿಎಂಐ ಫೋರ್ಸ್ ಹಾಟ್‌ಪ್ಲಗ್ ಸಾಲನ್ನು 1 ಮಾಡಿದರೆ ಮಾನಿಟರ್ ಇಲ್ಲದಿದ್ದರೂ ಚಿತ್ರ ಕಳಿಸುತ್ತವೆ. ಮೇಲೆ ಹೇಳಿದ ಆನ್ ಮಾಡುವ ಕ್ರಮದಲ್ಲಿ ಕಂಪ್ಯೂಟರ್ ಕೊನೆಗೆ ಬಂದಿದ್ದು ಇದಕ್ಕೇ.

ಇನ್ನೊಂದು ದೂರು: 2560×1440 ಮಾನಿಟರ್ ಇದೆ, ಆದರೆ ಪಟ್ಟಿಯಲ್ಲಿ 1920×1080ಕ್ಕಿಂತ ಮೇಲೆ ಏನೂ ಕಾಣುವುದಿಲ್ಲ. ಅಡ್ವಾನ್ಸ್‌ಡ್ ಡಿಸ್‌ಪ್ಲೇ ಪುಟದಲ್ಲಿ ಮಾನಿಟರಿನ ಹೆಸರು ನೋಡಿ. ನೇರ ಜೋಡಿಸಿದಾಗ ಕಾಣುವ ಹೆಸರು ಕೆವಿಎಂ ಮೂಲಕವೂ ಕಾಣಬೇಕು. ಬೇರೇನೋ ಹೆಸರು ಬಂದರೆ ಡಬ್ಬಿ ತನ್ನದೇ ಆದ, ಅಥವಾ ಹಿಂದಿನ ಮಾನಿಟರಿನ ಹಳೆಯ ಚೀಟಿ ತೋರಿಸುತ್ತಿದೆ. ಪೂರ್ತಿ ಕರೆಂಟ್ ತೆಗೆದು, ಮಾನಿಟರನ್ನು ಮೊದಲು ಜೋಡಿಸಿ ಡಬ್ಬಿ ಆನ್ ಮಾಡಿದರೆ ಎಷ್ಟೋ ಡಬ್ಬಿಗಳು ಹೊಸ ಚೀಟಿ ಓದಿಕೊಳ್ಳುತ್ತವೆ.

ಏನು ಮಾಡಿದರೂ ಕಪ್ಪು ಅಂದರೆ ಮಾನಿಟರಿನ ಮೆನುವಿಗೆ ಹೋಗಿ ಆಟೋ ಇನ್‌ಪುಟ್ ತೆಗೆದು, ಡಬ್ಬಿಗೆ ಜೋಡಿಸಿದ ಇನ್‌ಪುಟ್ಟನ್ನೇ ಗಟ್ಟಿ ಮಾಡಿ. ಡಬ್ಬಿ ತಿರುಗುವಾಗ ಸಿಗುವ ಒಂದೆರಡು ಸೆಕೆಂಡ್ ಕಪ್ಪಿನಲ್ಲಿ ಕೆಲವು ಮಾನಿಟರುಗಳು ಬೇರೆ ಇನ್‌ಪುಟ್ ಹುಡುಕುತ್ತಾ ಹೊರಟುಬಿಡುತ್ತವೆ. ಸಿನಿಮಾ ಹಾಕಿದಾಗ ಮಾತ್ರ ಕಪ್ಪಾಗಿ, ಉಳಿದಂತೆ ಎಲ್ಲ ಸರಿ ಇದ್ದರೆ ಅದು ಎಚ್‌ಡಿಸಿಪಿ ಅನ್ನುವ ನಕಲು ತಡೆಯ ಕತೆ. ಆ ಡಬ್ಬಿಗೆ ಅದು ಬರುವುದಿಲ್ಲ ಅಂದರೆ ರಿಪೇರಿ ಇಲ್ಲ.

ಚಿತ್ರ ಇದೆ, ಆದರೆ ಮಿನುಗುತ್ತದೆ

ಬಿಳಿ ಚುಕ್ಕಿಗಳು ಕಿಡಿಯಂತೆ ಹಾರುವುದು, ಹತ್ತು ನಿಮಿಷಕ್ಕೊಮ್ಮೆ ಪರದೆ ಆರಿ ಬರುವುದು, ಇವೆರಡೂ ಸಾಮಾನ್ಯವಾಗಿ ಕೇಬಲ್ ತಾಳುತ್ತಿಲ್ಲ ಅನ್ನುವ ಗುರುತು. ಪರೀಕ್ಷೆ ಸುಲಭ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವ ಲೆಕ್ಕವನ್ನು, 60 ಹರ್ಟ್ಜ್‌ನಿಂದ 30ಕ್ಕೆ ಇಳಿಸಿ. ಕಣ್ಣಿಗೆ ಹಿತವಿಲ್ಲ, ಆದರೆ ಪರೀಕ್ಷೆಗೆ ಸಾಕು. ಚಿತ್ರ ಗಟ್ಟಿಯಾಗಿ ನಿಂತರೆ ತೊಂದರೆ ವೇಗದ್ದು.

ಎಚ್‌ಡಿಎಂಐ 1.4 ಸೆಕೆಂಡಿಗೆ 10.2 ಗಿಗಾಬಿಟ್ ಒಯ್ಯುತ್ತದೆ, 4ಕೆ ಚಿತ್ರವನ್ನು 30 ಹರ್ಟ್ಜ್‌ನಲ್ಲಿ ಮಾತ್ರ ಕೊಡಬಲ್ಲದು. 2.0 ಒಯ್ಯುವುದು 18 ಗಿಗಾಬಿಟ್, ಅಲ್ಲಿ 4ಕೆ 60 ಸಿಗುತ್ತದೆ. ಮಾನಿಟರ್, ಕಂಪ್ಯೂಟರ್ ಎರಡೂ 2.0 ಆಗಿದ್ದು ನಡುವಿನ ಡಬ್ಬಿ 1.4 ಆಗಿದ್ದರೆ ಸಿಗುವುದು 30ನೇ. ಡಬ್ಬಿಯ ಮೇಲೆ ಬರೀ "4ಕೆ" ಅಂತ ದೊಡ್ಡದಾಗಿ ಅಚ್ಚಾಗಿರುತ್ತದೆ. 60 ಅಥವಾ 30 ಅನ್ನುವುದು ಕೆಳಗೆ ಸಣ್ಣ ಅಕ್ಷರದಲ್ಲಿ. ಅದನ್ನು ಓದಿ.

ಕೇಬಲ್ ಉದ್ದ ಲೆಕ್ಕ ಹಾಕುವಾಗ ಕಂಪ್ಯೂಟರಿನಿಂದ ಡಬ್ಬಿಗೆ, ಡಬ್ಬಿಯಿಂದ ಮಾನಿಟರಿಗೆ, ಎರಡನ್ನೂ ಕೂಡಿಸಿ. ಸಿಗ್ನಲ್ಲಿಗೆ ಮರುಜೀವ ಕೊಡುವ ಚಿಪ್ ಇಲ್ಲದ ಡಬ್ಬಿಯಲ್ಲಿ 2 ಮೀಟರಿನ ಎರಡು ಕೇಬಲ್ ಅಂದರೆ 4 ಮೀಟರಿನ ಒಂದು ಕೇಬಲ್ ಇದ್ದ ಹಾಗೆ, ಮೇಲೆ ಎರಡು ಕೀಲು ಬೇರೆ. 4ಕೆ 60 ಬೇಕಿದ್ದರೆ ಎರಡೂ ಕಡೆ 1 ಅಥವಾ 1.5 ಮೀಟರ್ ಹಾಕಿ ನೋಡಿ. ನಾನು ಕಂಡ ಮಿನುಗುವಿಕೆಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ನಿಂತಿವೆ.

ಕನ್ವರ್ಟರುಗಳಿಗೆ ದಿಕ್ಕು ಇರುತ್ತದೆ. ಕಂಪ್ಯೂಟರಿನಲ್ಲಿ ಡಿಸ್‌ಪ್ಲೇಪೋರ್ಟ್, ಡಬ್ಬಿಯಲ್ಲಿ ಎಚ್‌ಡಿಎಂಐ ಆದರೆ ಸಾಧಾರಣ ಕನ್ವರ್ಟರ್ ನಡೆಯಬಹುದು. ಅದನ್ನೇ ಉಲ್ಟಾ ಹಾಕಿದರೆ ಏನೂ ಬರುವುದಿಲ್ಲ, ಅದಕ್ಕೆ ಒಳಗೆ ಚಿಪ್ ಇರುವ ಬೇರೆಯದೇ ಬೇಕು. ಟೈಪ್-ಸಿ ಕೇಬಲ್ ವಿಷಯವೂ ಹೀಗೇ: ಮೊಬೈಲ್ ಚಾರ್ಜರಿನ ಜೊತೆ ಬಂದ ಕೇಬಲಿನಲ್ಲಿ ಬಹುತೇಕ ಚಿತ್ರದ ತಂತಿಗಳೇ ಇರುವುದಿಲ್ಲ. ನೋಡಲು ಮಾತ್ರ ಎರಡೂ ಒಂದೇ.

ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ ಮೇಲೆ ಕಂಪ್ಯೂಟರೇ ಆನ್ ಆಗುತ್ತಿಲ್ಲ ಅಂತ ಯಾರಾದರೂ ಹೇಳಿದರೆ ನಂಬಿ. ಕಳಪೆ ಕೇಬಲ್‌ಗಳಲ್ಲಿ 20ನೇ ಪಿನ್ ಎರಡೂ ತುದಿಗೆ ಜೋಡಿಸಿರುತ್ತಾರೆ. ನಿಯಮದ ಪ್ರಕಾರ ಅದು ಖಾಲಿ ಇರಬೇಕು. ಆ ಪಿನ್ ಮೂಲಕ ಮಾನಿಟರಿನ 3.3 ವೋಲ್ಟ್ ಹಿಂದಕ್ಕೆ ಹರಿದು ಕಂಪ್ಯೂಟರಿಗೆ ಸೇರುತ್ತದೆ. ಅಂಥ ಕೇಬಲ್ ಮನೆಯಲ್ಲೇ ಇಡಬೇಡಿ.

ಶಾಲೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಇನ್ನೂ ನೀಲಿ ತಲೆಯ ವಿಜಿಎ ಕೆವಿಎಂ ಇವೆ. ಅಲ್ಲಿ ಬಣ್ಣವೇ ರೋಗ ಹೇಳುತ್ತದೆ. ಪರದೆ ಹಳದಿ ಆದರೆ ನೀಲಿಯ ಪಿನ್ ಹೋಗಿದೆ. ಗುಲಾಬಿ ಆದರೆ ಹಸಿರು, ತಿಳಿನೀಲಿ ಆದರೆ ಕೆಂಪು. ಅಕ್ಷರಗಳ ಪಕ್ಕ ನೆರಳು ಬಿದ್ದರೆ ಕೇಬಲ್ ಉದ್ದ ಜಾಸ್ತಿ.

ಕೀಬೋರ್ಡ್, ಮೌಸ್

ಡಬ್ಬಿಯ ಹಿಂದೆ ಕೀಬೋರ್ಡ್, ಮೌಸ್ ಚಿತ್ರ ಇರುವ ಎರಡು ಪೋರ್ಟ್ ಇರುತ್ತವೆ, ಬೇರೆ ಸಾದಾ ಯುಎಸ್‌ಬಿ ಪೋರ್ಟೂ ಇರುತ್ತವೆ. ಎರಡಕ್ಕೂ ವ್ಯತ್ಯಾಸವಿದೆ. ಚಿತ್ರ ಇರುವ ಪೋರ್ಟುಗಳ ಹಿಂದೆ ಎಷ್ಟೋ ಡಬ್ಬಿಗಳಲ್ಲಿ ಒಂದು ಚಿಪ್ ಕೂತಿರುತ್ತದೆ. ಅದು ನಿಮ್ಮ ಕೀಬೋರ್ಡನ್ನು ತಾನು ಓದಿಕೊಂಡು, ಕಂಪ್ಯೂಟರುಗಳಿಗೆ ತಾನೇ ಒಂದು ಸಾದಾ ಕೀಬೋರ್ಡ್ ಅಂತ ಹೇಳಿಕೊಳ್ಳುತ್ತದೆ. ಇದರಿಂದ ಲಾಭ: ಸ್ವಿಚ್ ತಟಕ್ಕನೆ ಆಗುತ್ತದೆ, ಹಾಟ್‌ಕೀ (ಕೀಬೋರ್ಡಿನಿಂದಲೇ ಕಂಪ್ಯೂಟರ್ ಬದಲಿಸುವ ಕೀ) ನಡೆಯುತ್ತದೆ. ನಷ್ಟ: ಗೇಮಿಂಗ್ ಕೀಬೋರ್ಡಿನ ಮ್ಯಾಕ್ರೋ, ಮೌಸಿನ ಪಕ್ಕದ ಬಟನ್, ಕೆಲವು ವೈರ್‌ಲೆಸ್ ಡಾಂಗಲ್ (ವೈರ್‌ಲೆಸ್ ಮೌಸಿನ ಜೊತೆ ಬರುವ, ಯುಎಸ್‌ಬಿಗೆ ಚುಚ್ಚುವ ಪುಟ್ಟ ತುಂಡು) ಆ ಚಿಪ್ಪಿಗೆ ಅರ್ಥವಾಗುವುದಿಲ್ಲ. ಸಾದಾ ಪೋರ್ಟಿನಲ್ಲಿ ಇದರ ಉಲ್ಟಾ. ಎಲ್ಲ ಬಟನ್ ನಡೆಯುತ್ತದೆ, ಹಾಟ್‌ಕೀ ಇಲ್ಲ, ಪ್ರತಿ ಸಲ ಕಂಪ್ಯೂಟರ್ ಹೊಸದಾಗಿ ಗುರುತಿಸಲು ಒಂದೆರಡು ಸೆಕೆಂಡ್. ಆದ್ದರಿಂದ ಕೀಬೋರ್ಡ್ ಹುಚ್ಚುಹುಚ್ಚಾಗಿ ಆಡಿದರೆ ಮೊದಲು ಪೋರ್ಟ್ ಬದಲಿಸಿ ನೋಡಿ. ಕಂಪ್ಯೂಟರ್ ಆನ್ ಆಗುವಾಗ ಅದರ ಮೂಲ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಲು ಎಫ್2 ಅಥವಾ ಡಿಲೀಟ್ ಕೆಲಸ ಮಾಡದಿದ್ದಾಗಲೂ ಇದೇ ಮದ್ದು, ಜೊತೆಗೆ ಫಾಸ್ಟ್ ಬೂಟ್ ಆರಿಸಿ.

ಹಾಟ್‌ಕೀ ಅಂದೆ. ಬಹಳ ಡಬ್ಬಿಗಳಲ್ಲಿ ಸ್ಕ್ರಾಲ್ ಲಾಕ್ ಎರಡು ಸಲ ಒತ್ತಿದರೆ ಕಂಪ್ಯೂಟರ್ ಬದಲಾಗುತ್ತದೆ. ಕನ್ನಡ ಟೈಪ್ ಮಾಡುವವರಿಗೆ ಇಲ್ಲೊಂದು ತೊಡಕು. ನುಡಿ ಸಾಫ್ಟ್‌ವೇರಿನಲ್ಲಿ ಸ್ಕ್ರಾಲ್ ಲಾಕ್ ಒತ್ತಿ ಕನ್ನಡ, ಇಂಗ್ಲಿಷ್ ಬದಲಿಸುವ ರೂಢಿ ಇರುವವರು, ಬೇಗ ಬೇಗ ಎರಡು ಸಲ ಒತ್ತಿದರೆ ಭಾಷೆ ಬದಲಾಗುವ ಬದಲು ಕಂಪ್ಯೂಟರೇ ಬದಲಾಗಿಬಿಡುತ್ತದೆ. ಒಂದು ವಾಕ್ಯ ಅರ್ಧ ಇಲ್ಲಿ, ಅರ್ಧ ಆಫೀಸಿನ ಇಮೇಲ್‌ನಲ್ಲಿ. ಡಬ್ಬಿಯ ಜೊತೆ ಬಂದ ಕಾಗದ ನೋಡಿ ಹಾಟ್‌ಕೀಯನ್ನು ಬೇರೆ ಕೀಗೆ ಬದಲಿಸಿ, ಆಗದಿದ್ದರೆ ಹಾಟ್‌ಕೀಯನ್ನೇ ಆರಿಸಿ ಬಟನ್ ಬಳಸಿ.

ಕಂಟ್ರೋಲ್ ಎರಡು ಸಲ ಒತ್ತುವ ಹಾಟ್‌ಕೀಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಂಟ್ರೋಲ್ ಒತ್ತಿದ ಸುದ್ದಿ ಹಳೆಯ ಕಂಪ್ಯೂಟರಿಗೆ ಹೋಯಿತು. ಬಿಟ್ಟ ಸುದ್ದಿ ಹೋಗುವಷ್ಟರಲ್ಲಿ ಡಬ್ಬಿ ತಿರುಗಿಬಿಟ್ಟಿತು. ನೀವು ವಾಪಸ್ ಬಂದಾಗ ಆ ಕಂಪ್ಯೂಟರಿನ ಲೆಕ್ಕದಲ್ಲಿ ಕಂಟ್ರೋಲ್ ಇನ್ನೂ ಒತ್ತಿಯೇ ಇದೆ. ಗುರುತು ಏನಂದರೆ, ಮೌಸಿನ ಚಕ್ರ ತಿರುಗಿಸಿದರೆ ಬ್ರೌಸರಿನ ಪುಟ ಮೇಲೆ ಕೆಳಗೆ ಹೋಗುವ ಬದಲು ದೊಡ್ಡದು ಚಿಕ್ಕದು ಆಗುತ್ತದೆ. ಎಸ್ ಒತ್ತಿದರೆ ಅಕ್ಷರ ಬಾರದೆ ಸೇವ್ ಕೇಳುತ್ತದೆ. ಎಡ ಮತ್ತು ಬಲ ಕಂಟ್ರೋಲ್ ಎರಡನ್ನೂ ಒಂದೊಂದು ಸಲ ಒತ್ತಿ ಬಿಡಿ, ಬಿಡುಗಡೆ ಆಗುತ್ತದೆ.

ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಡಾಂಗಲ್ ಎಲ್ಲಿದೆ ನೋಡಿ. ಯುಎಸ್‌ಬಿ 3.0 ಕೇಬಲ್, ಪೋರ್ಟುಗಳಿಂದ 2.4 ಗಿಗಾಹರ್ಟ್ಜ್ ಸುತ್ತಮುತ್ತ ಗದ್ದಲ ಹೊರಡುತ್ತದೆ ಅಂತ ಇಂಟೆಲ್ 2012ರಲ್ಲೇ ಒಂದು ವರದಿ ಪ್ರಕಟಿಸಿತ್ತು. ಈ ಡಾಂಗಲ್‌ಗಳು ಮಾತಾಡುವುದೂ ಅದೇ ಅಲೆಯಲ್ಲಿ. ಮೇಜಿನ ಹಿಂದೆ, ಕೇಬಲ್ ಗೊಂಚಲಿನ ನಡುವೆ, ಪೆನ್‌ಡ್ರೈವ್ ಪಕ್ಕ ಚುಚ್ಚಿದ ಡಾಂಗಲ್ ತೊಳಲಾಡದೆ ಇನ್ನೇನು ಮಾಡೀತು? ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲೆ, ಮೌಸಿನ ಎದುರಿಗೆ ತಂದಿಡಿ.

ಕೆವಿಎಂ ಒಳಗೇ ಇರುವ ಮಾನಿಟರ್ ಕೊಂಡವರು ಕೇಳುವ ಮೊದಲ ಪ್ರಶ್ನೆ: "ಎಚ್‌ಡಿಎಂಐ ಹಾಕಿದ್ದೀನಿ, ಚಿತ್ರ ಬರುತ್ತೆ, ಕೀಬೋರ್ಡ್ ಯಾಕೆ ಬರಲ್ಲ?" ಎಚ್‌ಡಿಎಂಐ ಕೇಬಲ್ ಕೀಬೋರ್ಡಿನ ಮಾತು ಒಯ್ಯುವುದಿಲ್ಲ. ಮಾನಿಟರಿನ ಹಿಂದೆ ಪ್ರಿಂಟರಿಗೆ ಹಾಕುವಂಥ ಚೌಕದ ಯುಎಸ್‌ಬಿ ಪೋರ್ಟ್ ಇರುತ್ತದೆ. ಅಲ್ಲಿಂದ ಆ ಕಂಪ್ಯೂಟರಿಗೆ ಇನ್ನೊಂದು ಕೇಬಲ್ ಬೇಕು. ಟೈಪ್-ಸಿಯಲ್ಲಿ ಜೋಡಿಸಿದ ಲ್ಯಾಪ್‌ಟಾಪಿಗೆ ಮಾತ್ರ ಒಂದೇ ಕೇಬಲ್ ಸಾಕು.

ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮಾತ್ರ ಕೀಬೋರ್ಡ್ ಬರದೆ, ಸ್ವಂತದ್ದರಲ್ಲಿ ಬರುತ್ತಿದ್ದರೆ ಅಲ್ಲಿನ ಐಟಿಯವರು ಹೊಸ ಯುಎಸ್‌ಬಿ ಸಾಮಾನುಗಳನ್ನು ತಡೆದಿರಬಹುದು. ಅವರನ್ನೇ ಕೇಳಿ. ಬಲವಂತದ ದಾರಿ ಹುಡುಕಬೇಡಿ.

ಡಬ್ಬಿಯೇ ಬೇಡ ಅಂದರೆ

ಮೇಲಿನದೆಲ್ಲ ಮಾಡಿಯೂ ಚಿತ್ರದ ದಾರಿ ಕಾಡುತ್ತಲೇ ಇದ್ದರೆ ನಾನು ಹೇಳುವುದು ಇದು. ನಿಮ್ಮ ಮಾನಿಟರಿಗೆ ಎರಡು ಇನ್‌ಪುಟ್ ಇದ್ದೇ ಇರುತ್ತದೆ, ಅಲ್ವಾ? ಎರಡೂ ಕಂಪ್ಯೂಟರಿನ ಚಿತ್ರವನ್ನು ನೇರವಾಗಿ ಮಾನಿಟರಿಗೇ ಕೊಡಿ. ಡಬ್ಬಿಯಿಂದ ಯುಎಸ್‌ಬಿ ಮಾತ್ರ ಬದಲಿಸಿ. ಬರೀ ಯುಎಸ್‌ಬಿ ಸ್ವಿಚ್ ಕೆವಿಎಂಗಿಂತ ಎಷ್ಟೋ ಅಗ್ಗ. ಎರಡು ಬಟನ್ ಒತ್ತಬೇಕಾಗುತ್ತದೆ, ನಿಜ. ಆದರೆ ರೆಸಲ್ಯೂಷನ್, ಹರ್ಟ್ಜ್, ಮಿನುಗು ಯಾವುದರ ತಲೆನೋವೂ ಇರುವುದಿಲ್ಲ. ನನ್ನ ಡೆಸ್ಕ್‌ಟಾಪನ್ನು ನಾನು ಈಗ ಹೀಗೇ ಇಟ್ಟಿದ್ದೇನೆ.

ಪ್ರತಿ ಕಂಪ್ಯೂಟರಿಗೂ ಅದರದೇ ಪರದೆ ಇದ್ದರೆ ಡಬ್ಬಿಯ ಅಗತ್ಯವೇ ಇಲ್ಲ. ಕೀಬೋರ್ಡ್, ಮೌಸನ್ನು ಸಾಫ್ಟ್‌ವೇರ್ ಮೂಲಕವೇ ಹಂಚಬಹುದು. ವಿಂಡೋಸ್‌ಗೆ ಮೈಕ್ರೋಸಾಫ್ಟಿನ ಮೌಸ್ ವಿದೌಟ್ ಬಾರ್ಡರ್ಸ್ ಇದೆ, ಉಚಿತ, 4 ಕಂಪ್ಯೂಟರಿನವರೆಗೆ. ಮ್ಯಾಕ್, ಲಿನಕ್ಸ್ ಬೆರೆತಿದ್ದರೆ ಇನ್‌ಪುಟ್ ಲೀಪ್ ಅಥವಾ ಡೆಸ್ಕ್‌ಫ್ಲೋ. ಇವು ಸೇರಿಕೊಳ್ಳದಿದ್ದರೆ ಮೊದಲು ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿ ಇವೆಯಾ ನೋಡಿ. ಆಮೇಲೆ ಆಫೀಸಿನ ವಿಪಿಎನ್ ಆರಿಸಿ ಪರೀಕ್ಷಿಸಿ. ಕೊನೆಗೆ ಫೈರ್‌ವಾಲ್‌ನಲ್ಲಿ ಅದರ ನೆಟ್‌ವರ್ಕ್ ಪೋರ್ಟ್ ತೆರೆಯಿರಿ, ಇನ್‌ಪುಟ್ ಲೀಪಿಗೆ ಆ ಪೋರ್ಟಿನ ನಂಬರ್ 24800.

ಹೊಸ ಕೆವಿಎಂ ಕೊಳ್ಳಲೇಬೇಕು ಅಂತಾದರೆ ಅಂಗಡಿಯಲ್ಲಿ ನಾಲ್ಕು ಮಾತು ಕೇಳಿ. ಇಡಿಐಡಿ ಎಮ್ಯುಲೇಷನ್ ಇದೆಯಾ? 4ಕೆ ಅಂದರೆ 60 ಹರ್ಟ್ಜಾ? ಅಡಾಪ್ಟರ್ ಜೊತೆಗೇ ಬರುತ್ತದಾ? ಒಂದು ವಾರದಲ್ಲಿ ವಾಪಸ್ ತಗೊಳ್ತೀರಾ? ತಂದ ದಿನವೇ ಎಲ್ಲ ಕಂಪ್ಯೂಟರ್ ಜೋಡಿಸಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದಿಟ್ಟು ಬಟನ್ ಒತ್ತಿ ನೋಡಿ. 2ನೇ ಚೌಕ ಅಲ್ಲೇ ಉಳಿದರೆ ಪೆಟ್ಟಿಗೆ, ಬಿಲ್ಲು ಎತ್ತಿಡಿ. ಮಾಯವಾದರೆ ಮಾರನೇ ದಿನವೇ ಅಂಗಡಿಗೆ ವಾಪಸ್ ತಗೊಂಡು ಹೋಗಿ.